ಮಹಬೂಲಾದ ಮರಳು, ಯಾರದೋ ಬೆರಳು

ಈಗಷ್ಟೇ ಅಡುಗೆಮನೆಯಲ್ಲಿ ಮೈಕ್ರೋವೇವ್ ಕುಂಯ್ ಅಂದಿತು. ನಾನು ಸಟ್ಟುಗ ಹಿಡಿದು ಎದ್ದೇಬಿಟ್ಟೆ. ಮಗಳು ಸುಜಾತ ನಕ್ಕು ನಕ್ಕು ಗೋಡೆ ಹಿಡಿದುಕೊಂಡಳು. "ಅಮ್ಮಾ, ಅದು ಹಾಲು ಬಿಸಿ ಆದದ್ದು. ತೋಡೂಕೆ ಎಂತದೂ ಇಲ್ಲೆ. ಕೂಕೋ."

ಕೂತೆ. ಕೂತರೂ ಮನಸ್ಸು ಕೂರಬೇಕಲ್ಲ! ಈ ಕುವೈತಿಗೆ ಬಂದ ಮೇಲೆ ಕುಂಯ್ ಅಂದಲ್ಲೆಲ್ಲ ಬಗ್ಗಿ ತೋಡುವುದು ನನಗೆ ಚಾಳಿಯಾಗಿಬಿಟ್ಟಿದೆ. ಲಿಫ್ಟ್ ಕುಂಯ್ ಅಂದರೂ ನೆಲ ನೋಡುತ್ತೇನೆ. ಅಂಗಡಿಯಲ್ಲಿ ಬಿಲ್ ಹಾಕುವ ಯಂತ್ರ ಕುಂಯ್ ಅಂದರೆ ಕೈ ತಾನಾಗಿ ಸೆರಗು ಸಿಕ್ಕಿಸಿಕೊಳ್ಳುತ್ತದೆ. ನಾಡಿದ್ದು ವಿಮಾನ ಹತ್ತಬೇಕು. ಪೆಟ್ಟಿಗೆ ಕಟ್ಟಿ ಆಗಿದೆ. ಹೊಟ್ಟೆಯೊಳಗಿನ ಸಂತೋಷ ಮಾತ್ರ ಯಾವ ಪೆಟ್ಟಿಗೆಯಲ್ಲೂ ಹಿಡಿಯುತ್ತಿಲ್ಲ. ಅದಕ್ಕೇ ಬರೆಯಲು ಕೂತಿದ್ದೇನೆ. ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು. ನನ್ನ ಬರವಣಿಗೆ ಕೈಯಲ್ಲಿ ತಟ್ಟಿದ ರೊಟ್ಟಿಯ ಹಾಗೆ, ಒಂದು ಕಡೆ ದಪ್ಪ, ಒಂದು ಕಡೆ ತೆಳು. ಬೆಂದಿದ್ದರೆ ಸಾಕು ಎಂದುಕೊಳ್ಳಿ.

ನಮ್ಮದು ಕುಂದಾಪುರದ ಹತ್ತಿರ, ಹೊಳೆ ಹೋಗಿ ಕಡಲಿಗೆ ಸೇರುವಲ್ಲಿನ ಊರು. ಮಗಳು ಇಲ್ಲಿ ನರ್ಸ್. ಸಲ್ವಾ ಎನ್ನುವ ಕಡೆ ಒಂದು ದೊಡ್ಡ ಮನೆಯಲ್ಲಿ ವಯಸ್ಸಾದ ಅಮ್ಮನೊಬ್ಬರನ್ನು ನೋಡಿಕೊಳ್ಳುತ್ತಾಳೆ. ಅಳಿಯ ಗಣೇಶ, ರಾಯ್ ಎನ್ನುವ ಕಡೆ ಒಂದು ವರ್ಕ್‌ಶಾಪಿನ ಆಫೀಸಿನಲ್ಲಿದ್ದಾರೆ. ಮನೆ ಮಾತ್ರ ಮಹಬೂಲಾದಲ್ಲಿ, ಕಡಲ ಬದಿ, ಹನ್ನೊಂದನೇ ಮಾಳಿಗೆ. ಇವರಿಬ್ಬರ ಒಬ್ಬಳೇ ಮಗಳು ದಿಯಾ. ಆರನೇ ಕ್ಲಾಸು. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಬಾಯಿಂದ ಬರುವುದೆಲ್ಲ ಇಂಗ್ಲಿಷು.

ನಾನು ಬಂದ ಮರುದಿನ ಲಿಫ್ಟಿನಲ್ಲಿ ಅವಳ ಗೆಳತಿಯರು ಸಿಕ್ಕರು. ನಾನು ಬಾಯಿ ತುಂಬ ನಕ್ಕೆ. ನನ್ನದು ಎಲೆ ಅಡಿಕೆ ಹಾಕುವ ಬಾಯಿ, ಹದಿನಾರನೇ ವಯಸ್ಸಿನಿಂದ ಕೆಂಪು. ಗೆಳತಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮನೆಗೆ ಬಂದ ಮೇಲೆ ದಿಯಾ ನನ್ನ ಹತ್ತಿರ ಏನೋ ಹೇಳಿದಳು. ನನಗೆ ಅರ್ಥವಾಗಲಿಲ್ಲ. "ಎಂತ ಹೇಳ್ತಾಳೆ ಇವಳು?" ಎಂದು ಸುಜಾತಳನ್ನು ಕೇಳಿದೆ.

ಅವಳು ಹೇಳಿದಳು. "ಬಾಯಿ ಮುಚ್ಕಂಡು ನಗೂಕಾತ್ತಾ ಅಂತ ಕೇಳ್ತಾಳೆ ಅಮ್ಮ."

ಬೇಜಾರಾಯಿತು, ಸುಳ್ಳು ಯಾಕೆ ಹೇಳಲಿ. ಆದರೂ ಕನ್ನಡಿ ಮುಂದೆ ನಿಂತು ಬಾಯಿ ಮುಚ್ಚಿ ನಗುವುದನ್ನು ಅಭ್ಯಾಸ ಮಾಡಿದೆ. ನೋಡಿದರೆ ಹಲ್ಲುನೋವು ಬಂದವಳ ಹಾಗೆ ಕಾಣುತ್ತಿದ್ದೆ.

ಮಗಳೂ ಅವತ್ತೇ ಕಾನೂನು ಮಾಡಿದಳು. "ಇಲ್ಲಿ ಎಲೆ ಅಡಿಕೆ ಬಂದ್ ಅಮ್ಮ. ಎಲ್ಲೆಲ್ಲೋ ಉಗಿದ್ರೆ ದಂಡ ಹಾಕ್ತ್ರು. ನಿನ್ನ ಹಲ್ಲೂ ಉಳೀಲಿ." ಹೂಂ ಅಂದೆ. ಅನ್ನುವಾಗ ಕೋಲ್ಡ್ ಕ್ರೀಮಿನ ಒಂದು ತಗಡಿನ ಡಬ್ಬಿ ನನ್ನ ಸೊಂಟದಲ್ಲೇ ಇತ್ತು. ಒಳಗೆ ಕ್ರೀಮಿಲ್ಲ, ಊರಿನ ಚಿಪ್ಪಿನ ಸುಣ್ಣ. ಕೆಳಗಿನ ಮಲಯಾಳಿ ಅಂಗಡಿಗೆ ಪೂಜೆಗೆಂದು ವೀಳ್ಯದೆಲೆ ಬರುತ್ತದೆ. ತಂದದ್ದರಲ್ಲಿ ದೇವರಿಗೆ ಎರಡು ಎಲೆ, ಉಳಿದದ್ದು ನನಗೆ. ಎಲ್ಲರೂ ಕೆಲಸಕ್ಕೆ, ಶಾಲೆಗೆ ಹೋದ ಮೇಲೆ ಅಡುಗೆಮನೆಯ ಹಿಂದಿನ ಸಣ್ಣ ಬಾಲ್ಕನಿಯಲ್ಲಿ ನನ್ನ ಕಾರ್ಯಕ್ರಮ. ಬೆರಳಲ್ಲಿ ಉಳಿದ ಸುಣ್ಣವನ್ನು ಬಾಗಿಲ ಹಿಂದಿನ ಗೋಡೆಗೆ ಒರೆಸುತ್ತಿದ್ದೆ. ಒಂದು ದಿನ ಸುಜಾತ ಅದನ್ನು ಕಂಡು ಕಟ್ಟಡ ನೋಡಿಕೊಳ್ಳುವ ಹಾರಿಸ್‌ಗೆ ಫೋನ್ ಮಾಡಿ, ಗೋಡೆಯ ಪೇಂಟ್ ಎದ್ದು ಬರುತ್ತಿದೆ ಎಂದು ಜಗಳ ಮಾಡಿದಳು. ಆತ ಬಂದು, ಗೋಡೆ ಮುಟ್ಟಿ, ಬೆರಳು ಮೂಸಿ, ನನ್ನ ಮುಖ ನೋಡಿದ. ನಾನು ಬಾಯಿ ಮುಚ್ಚಿ ನಕ್ಕೆ. ಅಭ್ಯಾಸ ಮಾಡಿದ್ದು ಉಪಯೋಗಕ್ಕೆ ಬಂತು.

ಬೆರಳು ಒರೆಸುವ ಈ ಬುದ್ಧಿ ನನಗೆ ನನ್ನ ಅಜ್ಜಿಯಿಂದ ಬಂದದ್ದು. ಅವಳು ಕೂರುತ್ತಿದ್ದ ಜಗಲಿಯ ಕಂಬ ಆಳೆತ್ತರಕ್ಕೆ ಬೆಳ್ಳಗಿತ್ತು, ಬರೀ ಬೆರಳು ಒರೆಸಿ ಒರೆಸಿ. ಅವಳ ಸೊಂಟದಲ್ಲಿ ಒಂದು ಹಿತ್ತಾಳೆಯ ಸುಣ್ಣದ ಡಬ್ಬಿ, ಲಿಂಬೆಹಣ್ಣಿನಷ್ಟು ಗುಂಡಗೆ, ಸಣ್ಣ ಸರಪಳಿಯಲ್ಲಿ ನೇತಾಡುತ್ತಿತ್ತು. ಕಣಜ ಕಚ್ಚಿದರೆ ಅದರ ಸುಣ್ಣ. ಕಾಲು ಉಳುಕಿದರೆ ಬೆಲ್ಲ ಸುಣ್ಣ ಕಲಸಿ ಹಚ್ಚುವುದು. ಬಳ್ಳಿಯಲ್ಲಿ ಚೀನಿಕಾಯಿ ಬೀಜಕ್ಕೆ ಬಿಡಬೇಕೆಂದರೆ ಅದರ ಮೇಲೊಂದು ಸುಣ್ಣದ ಬೊಟ್ಟು. ಆ ಬೊಟ್ಟು ಕಂಡರೆ ಮನೆಯಲ್ಲಿ ಯಾರೂ ಕತ್ತಿ ಹಾಕುವಂತಿಲ್ಲ. ಆ ಡಬ್ಬಿಯನ್ನು ಮುಟ್ಟಬೇಕೆಂದು ನನಗೆ ಎಷ್ಟು ಆಸೆ! "ಕೈ ಸುಟ್ಟ್‌ಹೋತ್ತ್, ದೂರ ಕೂಕೋ" ಎನ್ನುತ್ತಿದ್ದಳು. ಅಜ್ಜಿ ಹೋದ ಮೇಲೆ ಡಬ್ಬಿ ನನ್ನ ಅಮ್ಮನಿಗೆ ಬಂತು, ಆಮೇಲೆ ನನಗೆ. ಈಗ ಊರಲ್ಲಿ ದೇವರ ಹಲಗೆಯ ಮೇಲಿದೆ. ವಿಮಾನದಲ್ಲಿ ತಪಾಸಣೆಯವರು ಏನೆಂದು ಕೇಳಿದರೆ ಹೇಳಲು ಬರುವುದಿಲ್ಲ ಎಂದು ತರಲಿಲ್ಲ.

ಎಲ್ಲಿಂದ ಎಲ್ಲಿಗೋ ಹೋದೆ. ಕುಂಯ್ ಅನ್ನುವ ಯಂತ್ರದ ಮಾತು ಹೇಳುತ್ತಿದ್ದೆನಲ್ಲ.

ರಾಯ್‌ನಲ್ಲಿ ಶುಕ್ರವಾರ ಒಂದು ಸಂತೆ ಕೂಡುತ್ತದೆ, ಹಳೆ ಸಾಮಾನಿನದು. ಅಳಿಯ ಅಲ್ಲಿಗೆ ದಿಯಾಳಿಗೊಂದು ಸೈಕಲ್ ತರಲು ಹೋದವರು ಈ ಯಂತ್ರ ತಂದರು. ಉದ್ದದ ಕೋಲು, ತುದಿಯಲ್ಲಿ ಊಟದ ತಟ್ಟೆಯಂಥದ್ದೊಂದು. ಮರಳಿನ ಮೇಲೆ ಆಡಿಸಿದರೆ ಒಳಗೆ ಲೋಹವಿದ್ದಲ್ಲಿ ಕೂಗುತ್ತದೆ. ದಿಯಾ ಇದರ ವಿಡಿಯೋ ನೋಡಿ ನೋಡಿ ಅಪ್ಪನ ತಲೆ ತಿಂದಿದ್ದಳಂತೆ. ಆಡಿಸಲು ಅವಳು ಸರಿ, ತೋಡಲು ಯಾರು? ಮಗಳಿಗೆ ನಿಂತು ನಿಂತು ಕಾಲುನೋವು, ಅಳಿಯನಿಗೆ ಫೋನು. ಉಳಿದವಳು ನಾನು. ಗದ್ದೆಯಲ್ಲಿ ನೇಜಿ ನೆಟ್ಟ ಬೆನ್ನಿದು, ಬಗ್ಗುವುದಕ್ಕೆ ಹೆದರುವುದಿಲ್ಲ. ಅಡುಗೆಮನೆಯಿಂದ ಒಂದು ಸಟ್ಟುಗ ಮತ್ತು ಜರಡಿ ತೆಗೆದುಕೊಂಡೆ.

"ಅಜ್ಜಿ, ಹಿಯರ್!" ಎಂದರೆ ಬಗ್ಗಬೇಕು. "ಡಿಗ್!" ಎಂದರೆ ತೋಡಬೇಕು. "ವೇಟ್!" ಎಂದರೆ ಮತ್ತೆ ಯಂತ್ರ ಆಡಿಸುವ ತನಕ ಸುಮ್ಮನಿರಬೇಕು. ಮೂರು ಮಾತಿನಲ್ಲಿ ನಮ್ಮ ಸಂಸಾರ ಚೆನ್ನಾಗಿ ನಡೆಯಿತು. ಸೋಡಾ ಬಾಟಲಿಯ ಮುಚ್ಚಳ, ಡಬ್ಬದ ಕಿವಿ, ಮೀನಿನ ಬಲೆಯ ಸೀಸ, ಒಂದು ಚಮಚ, ಯಾರದೋ ಬೀಗದ ಕೈ, ಆಗೊಮ್ಮೆ ಈಗೊಮ್ಮೆ ನೂರು ಫಿಲ್ಸಿನ ನಾಣ್ಯ. ಏನು ಸಿಕ್ಕಿದರೂ ಅವಳು ಕುಣಿಯುತ್ತಿದ್ದಳು, ಅವಳು ಕುಣಿದರೆ ನಾನೂ ಕುಣಿಯುತ್ತಿದ್ದೆ. ಸಣ್ಣವಳಿದ್ದಾಗ ನೀರಿಳಿದ ಹೊತ್ತಿಗೆ ಹೊಳೆಯಲ್ಲಿ ನಾವು ಚಿಪ್ಪು ಹೆಕ್ಕುತ್ತಿದ್ದುದೂ ಹೀಗೇ. ಒಳಗಿನ ಮಾಂಸ ಸಾರಿಗೆ, ಹೊರಗಿನ ಚಿಪ್ಪು ಸುಣ್ಣ ಸುಡುವವರಿಗೆ. ಇಲ್ಲಿ ಸಾರೂ ಇಲ್ಲ, ಸುಣ್ಣವೂ ಇಲ್ಲ, ಬರೀ ಖುಷಿ. ನನ್ನ ಮೊಮ್ಮಗಳು ನನ್ನ ಪಕ್ಕ ಮೊಣಕಾಲೂರಿ ಮರಳು ಜರಡಿ ಹಿಡಿಯುವುದೇ ನನಗೊಂದು ನಿಧಿ ಸಿಕ್ಕ ಹಾಗೆ.

ನಿಜವಾದ ನಿಧಿ ಸಿಕ್ಕಿದ್ದು ಒಂದು ರಜೆಯ ದಿನ ಬೆಳಿಗ್ಗೆ. ಚಳಿಗಾಲದ ಎಳೆ ಬಿಸಿಲು. ಕಡಲ ನೀರು ತುಂಬ ದೂರ ಇಳಿದಿತ್ತು. ಯಂತ್ರ ಕೂಗಿದ್ದು ಎಂದಿನ ಕೂಗಲ್ಲ, ಹಸಿದ ಕರುವಿನ ಕೂಗು. ಮೊಣಕೈ ಮುಳುಗುವಷ್ಟು ತೋಡಿದೆ. ಕೈಗೆ ತಣ್ಣಗೆ ಏನೋ ಸಿಕ್ಕಿತು. ತೆಗೆದರೆ ಒಂದು ಗುಂಡು ಮುದ್ದೆ! ಮೈಯೆಲ್ಲ ಹಸಿರು, ಮೇಲೆ ಮರಳು ಕಲ್ಲಾಗಿ ಅಂಟಿದೆ, ಒಂದು ಬದಿಯಲ್ಲಿ ಕಡಲೆಬೇಳೆಯಷ್ಟು ಕುಣಿಕೆ ಇಣುಕುತ್ತಿದೆ.

ಚಹಾದ ಫ್ಲಾಸ್ಕ್ ಹಿಡಿದು ಬರುತ್ತಿದ್ದ ಅಳಿಯ ಅದನ್ನು ದೂರದಿಂದಲೇ ಕಂಡರು. "ಅತ್ತೆ, ಮುಟ್ಬೇಡಿ! ಹಿಂದೆ ಬನ್ನಿ! ದಿಯಾ, ಓಡು! ಬಾಂಬ್ ಆಯಿಕ್ಕು!"

ಅವರು ಹೇಳಿದ್ದರಲ್ಲಿ ತಪ್ಪಿಲ್ಲ. ಹಿಂದೆ ಇಲ್ಲಿ ಯುದ್ಧ ನಡೆದಾಗಿನ ಬಾಂಬು ಮರಳಿನಲ್ಲಿ ಇನ್ನೂ ಸಿಗುವುದುಂಟಂತೆ. ಶಾಲೆಯಲ್ಲೂ ಮಕ್ಕಳಿಗೆ ಹೇಳಿಕೊಡುತ್ತಾರಂತೆ. ದಿಯಾ ಓಡಿದಳು. ನಾನೂ ಓಡಿದೆ. ಮೂವರೂ ರಸ್ತೆಯ ಬದಿ ಬಂದು ಏದುಸಿರು ಬಿಡುತ್ತ ನಿಂತೆವು. ಅಳಿಯ ಪೊಲೀಸರಿಗೆ ಫೋನ್ ಮಾಡಬೇಕೆಂದು ಫೋನ್ ತೆಗೆದರು. "ಜಾಗ ನೆನಪಿತ್ತಾ ಅತ್ತೆ? ಅದು ಎಲ್ಲಿತ್ತು?"

"ಎಲ್ಲಿ ಅಂದ್ರೆ? ಇಲ್ಲೇ ಇತ್ತಲೆ" ಎಂದು ಸೆರಗಿನ ಗಂಟು ತೋರಿಸಿದೆ.

ಅವರು ಅಲ್ಲೇ ಫುಟ್‌ಪಾತಿನ ಮೇಲೆ ಕೂತುಬಿಟ್ಟರು. ಏನು ಮಾಡಲಿ! ಸಿಕ್ಕಿದ್ದನ್ನು ಸೆರಗಿಗೆ ಕಟ್ಟುವುದು ಕೈಯ ಅಭ್ಯಾಸ. ಓಡು ಎಂದರು, ಕಟ್ಟಿಕೊಂಡು ಓಡಿದೆ. "ಹ್ವಾಯ್, ಬಾಂಬಿಗೆ ಕುಣಿಕೆ ಯಾರ್ ಇಡ್ತ್ರು? ಕಾಣಿ ನೀವೇ" ಎಂದೆ. ಅವರು ದೂರದಿಂದ ಕಂಡರು, ಹತ್ತಿರದಿಂದ ಕಂಡರು, ಕೊನೆಗೆ ಬೆರಳಲ್ಲಿ ಮುಟ್ಟಿದರು. ಬಾಂಬಲ್ಲ ಎಂದಾಯಿತು. ಆಮೇಲೆ ಇನ್ನೊಂದು ಹೆದರಿಕೆ. "ಹಳೇ ಕಾಲದ್ದಾದ್ರೆ ಇದು ಇಲ್ಲಿನ ಸರ್ಕಾರದ್ದು. ಮನೆಯಲ್ಲಿ ಇಟ್ಕಂಡ್ರೆ ನನ್ನ ಇಕಾಮಾ ಖಲಾಸ್. ಎಲ್ಲರೂ ಊರಿಗೆ ಹೋಯ್ಕ್." ಇಕಾಮಾ ಅಂದರೆ ಇಲ್ಲಿ ಇರಲು ಕೊಡುವ ಚೀಟಿ. ಎಂಥದೆಂದು ತಿಳಿದುಕೊಂಡು ಮ್ಯೂಸಿಯಮ್ಮಿನವರಿಗೆ ಮುಟ್ಟಿಸುವುದು ಎಂದು ತೀರ್ಮಾನವಾಯಿತು.

ದಿಯಾಳಿಗೆ ಅವತ್ತು ಊಟ ಬೇಡ, ನಿದ್ದೆ ಬೇಡ. ಹತ್ತು ಕಡೆಯಿಂದ ಫೋಟೋ ತೆಗೆದಳು. ಒಂದು ಬಿಳಿ ಬಟ್ಟೆಯ ಮೇಲೆ ಮಲಗಿಸಿದಳು. ಫೋನಿಗೆ ತೋರಿಸಿ ಕೇಳಿದಳು. ಫೋನು ಒಮ್ಮೆ ಗಂಟೆ ಅಂದಿತು, ಒಮ್ಮೆ ಧೂಪದ ಪಾತ್ರೆ ಅಂದಿತು, ಒಮ್ಮೆ ದಾಳಿಂಬೆ ಅಂದಿತು. ಮಲಗುವ ಮುಂಚೆ ಅವಳಾಗಿ ನನ್ನ ಹತ್ತಿರ ಬಂದು ಕೇಳಿದಳು, "ಅಜ್ಜಿ, ವಾಟ್ ಡು ಯೂ ಥಿಂಕ್ ಇಟ್ ಈಸ್?"

ಇದೇನಿರಬಹುದು ಎಂದು ಕೇಳುತ್ತಿದ್ದಾಳೆ ಎಂದು ಸುಜಾತ ಬಿಡಿಸಿ ಹೇಳಿದಳು. ನನ್ನನ್ನು! ಇಷ್ಟು ದಿನದಲ್ಲಿ ಆ ಮಗು ನನ್ನ ಹತ್ತಿರ ಮೊದಲ ಸಲ ಒಂದು ವಿಷಯ ಕೇಳಿತು. "ನಾಳೆ ಹೇಳ್ತೆ ಮಗಾ" ಎಂದೆ. ಹೇಳಲೇಬೇಕು ಎಂದು ಮನಸ್ಸಿನಲ್ಲಿ ಗಂಟು ಹಾಕಿಕೊಂಡೆ.

ಮರುದಿನ ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲ. ಮುದ್ದೆ ನನ್ನೆದುರು ಕೂತಿದೆ. ನೀವೇ ಹೇಳಿ, ಕಿಲುಬು ಹಿಡಿದ ಹಿತ್ತಾಳೆ ಕಂಡರೆ ನಮ್ಮ ಕಡೆಯ ಹೆಂಗಸಿನ ಕೈ ಸುಮ್ಮನಿರುತ್ತದೆಯೇ? ಹುಣಸೆಹಣ್ಣು ನೆನೆಸಿದೆ. ಉಪ್ಪು ಸೇರಿಸಿದೆ. ತೆಂಗಿನ ನಾರು ಇಲ್ಲಿ ಎಲ್ಲಿ, ಪಾತ್ರೆ ಉಜ್ಜುವ ಸ್ಪಂಜು ತೆಗೆದುಕೊಂಡೆ. ತಿಕ್ಕಿದೆ, ತಿಕ್ಕಿದೆ. ಹಸಿರೆಲ್ಲ ಹೋಗಿ ಒಳಗಿನಿಂದ ಹಳದಿ ಬಂತು. ಹೂವಿನ ಎಸಳಿನ ಚಿತ್ತಾರ ಬಂತು. ನಡುವಲ್ಲಿ ಸುತ್ತಲೂ ಒಂದು ಗೆರೆ ಬಂತು. ಹಾಗಾದರೆ ಇದು ಮುದ್ದೆಯಲ್ಲ, ಮುಚ್ಚಳವಿರುವ ವಸ್ತು! ಒರೆಸಿ ಎಡಗೈಯಲ್ಲಿ ಹಿಡಿದೆ ನೋಡಿ, ಹೆಬ್ಬೆರಳು ತಾನಾಗಿ ಮುಚ್ಚಳದ ಅಂಚಿಗೆ ಹೋಯಿತು, ಬಲಗೈ ತೋರುಬೆರಳು ತಾನಾಗಿ ಬಾಗಿತು. ನಾನು ಹೇಳಿದ್ದಲ್ಲ, ಬೆರಳು ಹೇಳಿದ್ದು. ಸುಣ್ಣದ ಡಬ್ಬಿ! ನನ್ನ ಅಜ್ಜಿಯ ಡಬ್ಬಿಯ ಅಕ್ಕ ತಂಗಿ! ಅಡುಗೆಮನೆಯಲ್ಲಿ ಒಬ್ಬಳೇ ಚಪ್ಪಾಳೆ ತಟ್ಟಿದೆ.

ದಿಯಾ ಶಾಲೆಯಿಂದ ಬಂದಾಗ ಡಬ್ಬಿ ದೇವರ ದೀಪದ ಹಾಗೆ ಫಳಫಳ ಎನ್ನುತ್ತಿತ್ತು. ಅಂಗೈ ಮೇಲಿಟ್ಟು ಬಾಗಿಲಲ್ಲೇ ತೋರಿಸಿದೆ. ಅವಳ ಮುಖ ನೋಡಿ ಕೈ ಹಿಂದಕ್ಕೆ ಎಳೆದುಕೊಂಡೆ.

"ಅಜ್ಜಿ! ವಾಟ್ ಡಿಡ್ ಯೂ ಡೂ!" ಬ್ಯಾಗು ಅಲ್ಲೇ ಬಿತ್ತು. ಅಳು. ಅಳುವಿನ ನಡುವೆ ಇಂಗ್ಲಿಷು. ಸುಜಾತ ಬಂದು ಬಿಡಿಸಿ ಹೇಳಿದಳು. ಹಳೆ ವಸ್ತುವನ್ನು ತೊಳೆಯಲೇಬಾರದಂತೆ. ಆ ಹಸಿರು ಕೊಳೆಯಲ್ಲವಂತೆ, ಅದರ ವಯಸ್ಸಂತೆ. ಅವಳ ವಿಡಿಯೋದಲ್ಲಿ ಎಲ್ಲಕ್ಕಿಂತ ಮೊದಲು ಹೇಳುವ ಮಾತೇ ಅದಂತೆ. ಅಜ್ಜಿ ನೂರು ವರ್ಷವನ್ನು ತೊಳೆದು ಸಿಂಕಿಗೆ ಬಿಟ್ಟಳು ಎನ್ನುತ್ತಾಳೆ ಎಂದಳು.

"ನಾಕ್ ದಿನ ಬಿಟ್ರೆ ಮತ್ತೆ ಕಿಲುಬು ಹಿಡಿತ್ತ್ ಮಗಾ" ಎಂದೆ. ಅದನ್ನು ಹೇಳಬಾರದಿತ್ತು. ರೂಮಿನ ಬಾಗಿಲು ಧಡ್ ಎಂದಿತು.

ಯಂತ್ರ ಮೂಲೆ ಸೇರಿತು. "ಹಿಯರ್" ಇಲ್ಲ, "ಡಿಗ್" ಇಲ್ಲ. ಸುಣ್ಣದ ಡಬ್ಬಿ ಎಂದು ನಾನು ಹೇಳಿದ್ದನ್ನೂ ಯಾರೂ ತೆಗೆದುಕೊಳ್ಳಲಿಲ್ಲ. "ಅಮ್ಮನಿಗೆ ಉರುಟಾಗಿದ್ದದ್ದೆಲ್ಲ ಸುಣ್ಣದ ಡಬ್ಬಿಯೇ" ಎಂದು ಸುಜಾತ ನಕ್ಕಳು. ಅಳಿಯ ಬಾಯಲ್ಲಿ ಇರಬಹುದು ಅಂದರು, ತಲೆಯಲ್ಲಿ ಇರಲಿಕ್ಕಿಲ್ಲ ಎಂದು ಅಲ್ಲಾಡಿಸಿದರು. ವಿಮಾನಕ್ಕೆ ಇನ್ನೆರಡು ವಾರ. ನನ್ನ ತಲೆಯಲ್ಲಿ ಒಂದೇ ಮಾತು. ಈ ಹುಡುಗಿ ನನ್ನ ಜೊತೆ ಮಾತು ಬಿಟ್ಟಿರುವಾಗ ನಾನು ವಿಮಾನ ಹತ್ತಲಾರೆ. ತೊಳೆದದ್ದನ್ನು ಮತ್ತೆ ಕೊಳೆ ಮಾಡಲು ಆಗುವುದಿಲ್ಲ. ಅದು ಏನೆಂದು ಸರಿಯಾಗಿ ಗೊತ್ತುಮಾಡಿ ಕೊಡುವುದೊಂದೇ ನನ್ನ ಕೈಲಾಗುವುದು. ಮುಚ್ಚಳ ಬಿಗಿದು ಕೂತಿತ್ತು. ಬತ್ತಿಯನ್ನು ಕೊಬ್ಬರಿ ಎಣ್ಣೆಯಲ್ಲಿ ಅದ್ದಿ ಆ ಗೆರೆಗೆ ದಿನಾ ಎಣ್ಣೆ ಬಿಡುತ್ತ ಬಂದೆ.

ಕೊನೆಗೆ ಸುಜಾತಳೇ ದಾರಿ ಹೇಳಿದಳು. ಅವಳು ನೋಡಿಕೊಳ್ಳುವ ಸಲ್ವಾದ ಅಮ್ಮ, ಉಮ್ ಖಾಲಿದ್, ಎಂಬತ್ತು ದಾಟಿದವರು. ಇಲ್ಲಿನ ಹಳೆ ಕಾಲ ಪೂರ್ತಿ ಕಂಡವರು. ಸಣ್ಣವರಿದ್ದಾಗ ತಂದೆಯ ವ್ಯಾಪಾರಕ್ಕಾಗಿ ಬೊಂಬಾಯಿಯಲ್ಲಿದ್ದರಂತೆ, ಹಿಂದಿ ಬರುತ್ತದಂತೆ. ಅವರಿಗೆ ತೋರಿಸೋಣ ಎಂದಾಯಿತು. ನಾವು ನಾಲ್ವರೂ ಹೊರಟೆವು. ಕಾರಿನಲ್ಲಿ ದಿಯಾ ಡಬ್ಬಿಯನ್ನು ಬಟ್ಟೆಯಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ಕಿಟಕಿ ಕಡೆ ತಿರುಗಿ ಕೂತಳು.

ದೊಡ್ಡ ಮನೆ, ದೊಡ್ಡ ಕುರ್ಚಿ, ಅದರಲ್ಲಿ ಒಂದು ಹಿಡಿ ಅಜ್ಜಿ. ಕಣ್ಣು ಮಾತ್ರ ಗುಬ್ಬಿಯದು. "ಆವೋ ಆವೋ, ಬೈಠೋ!" ಎಂದರು. ಡಬ್ಬಿ ಕೈಗೆ ಕೊಟ್ಟೊಡನೆ ಇದೇನು ಎನ್ನುವ ಹಾಗೆ "ಶಿನು ಹಾದಾ?" ಎಂದು ಕಣ್ಣಿನ ಹತ್ತಿರ ಹಿಡಿದರು. ತಿರುಗಿಸಿದರು. ಮತ್ತೆ ಮುಗಿಯಿತು ಎನ್ನುವ ಹಾಗೆ "ಸುರ್ಮಾ!" ಎಂದು ಕೆಳಗಿನ ಕಣ್ಣೆವೆ ಎಳೆದು ತೋರಿಸಿದರು. ಕಣ್ಣಿಗೆ ಹಚ್ಚುವ ಕಪ್ಪಿನ ಡಬ್ಬಿಯಂತೆ.

ನಾನು ಬಿಡುತ್ತೇನೆಯೇ? ನನ್ನ ಹಿಂದಿ ಅಂಗಡಿ ಹಿಂದಿ. ಕಿತನಾ, ಜಾಸ್ತಿ, ನಹೀ, ಮತ್ತೆ ಸುಣ್ಣಕ್ಕೆ ಚೂನಾ, ಅಷ್ಟೇ ಬಂಡವಾಳ. "ನಹೀ ನಹೀ! ಚೂನಾ!" ಎಂದು ನಾಲಗೆ ಹೊರಹಾಕಿ ತೋರಿಸಿದೆ.

"ಲಾ, ಲಾ! ಸುರ್ಮಾ!" ಅವರು ಎರಡೂ ಕಣ್ಣೆವೆ ಎಳೆದರು.

"ಚೂನಾ! ಜಾಸ್ತಿ ಚೂನಾ!" ನಾನು ನಾಲಗೆಯನ್ನು ಇನ್ನಷ್ಟು ಹೊರಹಾಕಿದೆ.

ಎದುರುಬದುರು ಕೂತು ಇಬ್ಬರು ಅಜ್ಜಿಯರು ಒಬ್ಬರನ್ನೊಬ್ಬರು ಅಣಕಿಸುವುದನ್ನು ನೋಡಿ ಯಾರೋ ಕಿಸಕ್ ಎಂದರು. ದಿಯಾ! ಬಾಯಿಗೆ ಕೈ ಅಡ್ಡ ಹಿಡಿದಿದ್ದಳು. ನನಗೆ ಅಷ್ಟು ಸಾಕಾಗಿತ್ತು. ಆದರೆ ಉಮ್ ಖಾಲಿದ್‌ಗೆ ಸಾಕಾಗಿರಲಿಲ್ಲ. "ಖೋಲೋ!" ಎಂದರು. ತಳ ಅವರು ಹಿಡಿದರು, ಮುಚ್ಚಳ ನಾನು. "ಯಲ್ಲಾ!" ಎಂದು ತಿರುಚಿದೆವು. ಅಳಿಯ ಎರಡು ಹೆಜ್ಜೆ ಹಿಂದೆ ಸರಿದರು, ಅವರ ತಲೆಯಿಂದ ಬಾಂಬ್ ಇನ್ನೂ ಹೋಗಿರಲಿಲ್ಲ. ಎಣ್ಣೆ ಕುಡಿದ ಮುಚ್ಚಳ ಟಕ್ ಎಂದಿತು.

ಒಳಗೆ ಬಿಳಿ. ಕಲ್ಲಾದ ಬಿಳಿ.

ನಾನು ಎದ್ದು ನಿಂತೆ. "ಕಾಣಿ! ಕಣ್ಣಿಗೆ ಯಾರಾದ್ರೂ ಬಿಳಿ ಹಚ್ಚುತ್ರಾ?" ಉಮ್ ಖಾಲಿದ್ ತುಟಿ ಮುಂದೆ ಮಾಡಿ ಯೋಚಿಸಿದರು. ಮತ್ತೆ ಮರಳು, ಉಪ್ಪು, ಕಡಲಿನದು ಒಳಗೆ ಹೋಗಿರಬಹುದು ಎಂಬಂತೆ ಕೈಯಾಡಿಸಿದರು. ದಿಯಾಳೂ ಮೆಲ್ಲಗೆ, "ಇಟ್ ಕುಡ್ ಬಿ ಸಾಲ್ಟ್, ಅಜ್ಜಿ" ಎಂದಳು.

"ಅರಶಿನ ತರ್ಸಿ" ಎಂದೆ ನಾನು. ಸುಣ್ಣ ಹೌದೋ ಅಲ್ಲವೋ ನೋಡಲು ಅರಶಿನಕ್ಕಿಂತ ಬೇಕೇ? ಮದುಮಗಳು ಮನೆಗೆ ಬಂದಾಗ, ಬಾಣಂತಿ ಮಗುವನ್ನು ತಂದಾಗ, ತಟ್ಟೆಯಲ್ಲಿ ಅರಶಿನದ ನೀರಿಗೆ ಚಿಟಿಕೆ ಸುಣ್ಣ ಹಾಕಿದರೆ ಕಣ್ಣೆದುರಿಗೇ ಕೆಂಪಾಗುತ್ತದೆ, ಅದರಲ್ಲೇ ಆರತಿ ಎತ್ತುವುದು. ಅಡುಗೆಯವಳು ತಟ್ಟೆ ತಂದಳು. ಡಬ್ಬಿಯ ಅಂಚಿನಿಂದ ಉದುರಿದ ಒಂದು ಚೂರು ಪುಡಿ ಮಾಡಿ ಜಾದೂಗಾರನ ಹಾಗೆ ಕೈ ಎತ್ತಿ ಹಾಕಿದೆ. ಎಲ್ಲರೂ ಬಗ್ಗಿ ನೋಡಿದರು.

ಹಳದಿ. ಇನ್ನೂ ಹಳದಿ. ಬೆರಳಲ್ಲಿ ಕಲಸಿದೆ. ಹಳದಿಯೇ.

ನನ್ನ ಮುಖ ಆಗ ಹೇಗಿತ್ತೋ. ಒಣಗಿದ ಸುಣ್ಣ ಸತ್ತುಹೋಗುತ್ತದೆ, ಅದಕ್ಕೆ ಬಣ್ಣ ತರಿಸುವ ಶಕ್ತಿ ಇರುವುದಿಲ್ಲ ಎನ್ನುವುದು ನನಗೆ ಗೊತ್ತಿದ್ದದ್ದೇ. ಉಮೇದಿನಲ್ಲಿ ಮರೆತಿದ್ದೆ. ಈಗ ಹೇಳಿದರೆ ಸೋತವಳ ನೆಪ ಎಂದುಕೊಳ್ಳುತ್ತಾರೆ. ಕೂತು ಸೆರಗಿನಲ್ಲಿ ಬೆರಳು ಒರೆಸಿಕೊಂಡೆ. ಬಾಯಿ ಮುಚ್ಚಿ ನಗಲು ನೋಡಿದೆ, ಅದೂ ಬರಲಿಲ್ಲ.

ದಿಯಾ ನನ್ನನ್ನೇ ನೋಡುತ್ತಿದ್ದಳು. ಆಮೇಲೆ ಡಬ್ಬಿ ತೆಗೆದುಕೊಂಡು ಫೋನಿನ ಟಾರ್ಚ್ ಹಾಕಿ ಒಳಗೆ ಇಣುಕಿದಳು. ತುಂಬ ಹೊತ್ತು ಇಣುಕಿದಳು. "ಅಜ್ಜಿ" ಎಂದಳು. ದನಿ ಸಣ್ಣಗಾಗಿತ್ತು. "ಅಜ್ಜಿ, ದೇರ್ ಈಸ್ ಸಮ್‌ಬಡೀಸ್ ಫಿಂಗರ್."

ಅಳಿಯ ಗಾಬರಿಯಾದರು. "ಬೆರಳಾ?!"

ಬೆರಳಲ್ಲ, ಬೆರಳಿನ ಗುರುತು! ನಾನು ಕನ್ನಡಕ ಏರಿಸಿ ನೋಡಿದೆ. ಒಳಗಿನ ಬಿಳಿ ಸಮತಟ್ಟಾಗಿರಲಿಲ್ಲ. ಒಂದು ಬದಿ ತುಂಬಿದೆ, ಇನ್ನೊಂದು ಬದಿಯಲ್ಲಿ ಒಂದು ಹೊಂಡ. ಬೆರಳು ಇಳಿದು, ಬಾಗಿ, ಮೇಲೆ ಎಳೆದುಕೊಂಡ ಹೊಂಡ. ಅದರ ತುದಿಯಲ್ಲಿ ಉಗುರಿನ ಅರ್ಧ ಚಂದ್ರ, ಈಗ ತಾನೇ ತೆಗೆದ ಹಾಗೆ.

ಉಪ್ಪಿಗೆ ಉಗುರಿರುತ್ತದೆಯೇ? ಮರಳಿಗೆ ಉಗುರಿರುತ್ತದೆಯೇ?

ನನಗೆ ಆಗ ಹಿಂದೆ ಮುಂದೆ ಏನೂ ಕಾಣಲಿಲ್ಲ. ಸೊಂಟಕ್ಕೆ ಕೈ ಹಾಕಿ ನನ್ನ ಕೋಲ್ಡ್ ಕ್ರೀಮಿನ ಡಬ್ಬಿ ತೆಗೆದೆ. ಮುಚ್ಚಳ ತಿರುಗಿಸಿ ಹಿತ್ತಾಳೆ ಡಬ್ಬಿಯ ಪಕ್ಕ ಇಟ್ಟೆ. ಒಂದು ಬದಿ ತುಂಬಿದೆ, ಒಂದು ಬದಿ ಹೊಂಡ. ಅದೇ ಇಳಿತ, ಅದೇ ಬಾಗು, ತುದಿಯಲ್ಲಿ ನನ್ನ ಉಗುರಿನ ಅರ್ಧ ಚಂದ್ರ.

ಮೊದಲು ದನಿ ಬಂದದ್ದು ಸುಜಾತಳಿಗೆ. "ಅಮ್ಮಾ! ಇದೆಂತದು? ಎಲ್ಲಿತ್ತಿದು?"

"ನಿನ್ನ ಪೇಂಟ್ ಎದ್ದು ಬಂದದ್ದು ಇದ್ರಿಂದಲೇ" ಎಂದೆ.

ದಿಯಾ ಕೂಗಿದ ಕೂಗಿಗೆ ಆ ಯಂತ್ರ ಎಲ್ಲಿಯ ಸಮ! ಎರಡೂ ಡಬ್ಬಿಯನ್ನು ಸುತ್ತ ತಿರುಗಿ ನೋಡಿದಳು. ನನ್ನ ಬಲಗೈ ತೋರುಬೆರಳು ಹಿಡಿದು ಹಳೆ ಹೊಂಡದ ಮೇಲೆ, ಮುಟ್ಟಿಸದೆ, ಗಾಳಿಯಲ್ಲೇ ಹಿಡಿದಳು. ಸರಿಯಾಗಿ ಕೂರುತ್ತಿತ್ತು. "ಅಜ್ಜಿ, ಯೂ ಡಿಡ್ನಾಟ್ ವಾಶ್ ದಿ ಇನ್‌ಸೈಡ್!" ಎಂದು ನನ್ನ ಕುತ್ತಿಗೆಗೆ ಜೋತುಬಿದ್ದಳು. ಹೌದಲ್ಲ, ಒಳಗೆ ತೊಳೆದಿರಲಿಲ್ಲ. ಮುಚ್ಚಳ ಬರುತ್ತಿದ್ದರೆ ಅದನ್ನೂ ತೊಳೆಯುತ್ತಿದ್ದೆ. ಬಾರದೆ ನನ್ನ ಮರ್ಯಾದೆ ಉಳಿಸಿತು.

ಉಮ್ ಖಾಲಿದ್ ಎರಡನ್ನೂ ನೋಡಿ ಕೈ ಮೇಲೆತ್ತಿ "ಖಲಾಸ್! ಚೂನಾ, ಚೂನಾ" ಎಂದು ಒಪ್ಪಿಕೊಂಡರು. ಮತ್ತೆ ಏನೋ ನೆನಪಾದವರ ಹಾಗೆ ನನ್ನ ಕೈ ಹಿಡಿದು "ಮಂಜಲೂರ್?" ಎಂದರು. ಮಂಗಳೂರಿನ ಹೆಸರು ಅವರ ಬಾಯಲ್ಲಿ! ಅವರ ಅಜ್ಜನ ಹಾಯಿ ಹಡಗು ಇಲ್ಲಿಂದ ಖರ್ಜೂರ ತುಂಬಿಕೊಂಡು ಅಲ್ಲಿಗೆ ಹೋಗುತ್ತಿತ್ತಂತೆ, ಬರುವಾಗ ಮರ, ಹಂಚು, ತೆಂಗಿನ ಹಗ್ಗ. ಬರುವಾಗ ಆ ಕಡೆಯ ಒಬ್ಬಿಬ್ಬರು ಆಳುಗಳೂ ಹತ್ತುತ್ತಿದ್ದರಂತೆ. ಡಬ್ಬಿ ಅವರಲ್ಲೇ ಒಬ್ಬರದೋ, ಇನ್ಯಾರದೋ, ಯಾರಿಗೆ ಗೊತ್ತು. ನನಗಂತೂ ಕಳೆದುಕೊಂಡವರ ಅವತ್ತಿನ ಪಾಡೇ ಕಣ್ಣ ಮುಂದೆ ಬಂತು. ಪರದೇಶದ ಕಡಲ ದಂಡೆ. ಎಲೆ ಕೈಯಲ್ಲಿದೆ. ಅಡಿಕೆ ಬಾಯಲ್ಲಿದೆ. ಸೊಂಟ ತಡವಿದರೆ ಸುಣ್ಣ ಇಲ್ಲ! ಆ ಮರಳನ್ನೆಲ್ಲ ಹೇಗೆ ತೋಡಿರಬೇಡ ಆ ಜೀವ. ಯಂತ್ರವೂ ಇಲ್ಲ, ಸಟ್ಟುಗವೂ ಇಲ್ಲ.

ಹೊರಡುವ ಮುಂಚೆ ದಿಯಾ ನನ್ನ ಎರಡು ಕೈಯಲ್ಲಿ ಎರಡು ಡಬ್ಬಿ ಹಿಡಿಸಿ ಫೋಟೋಗೆ ನಿಲ್ಲಿಸಿದಳು. ನಾನು ಕಲಿತ ಪಾಠದಂತೆ ಬಾಯಿ ಬಿಗಿದು ನಕ್ಕೆ.

ಅವಳು ಫೋನು ಇಳಿಸಿದಳು. "ನೋ ಅಜ್ಜಿ. ವಿತ್ ಟೀತ್."

ಅದು ನನಗೆ ಯಾರೂ ಬಿಡಿಸಿ ಹೇಳದೆಯೇ ಅರ್ಥವಾಯಿತು. ಆ ಫೋಟೋ ಈಗ ಅವಳ ಗೆಳತಿಯರಿಗೆಲ್ಲ ಹೋಗಿದೆ. ಮೊನ್ನೆ ಲಿಫ್ಟಿನಲ್ಲಿ ಅದೇ ಹುಡುಗಿಯರು ಸಿಕ್ಕಿ, ಡಬ್ಬಿ ನೋಡಬಹುದೇ ಎಂದು ನನ್ನ ಸೊಂಟದ ಕಡೆ ನೋಡಿದರು.

ಹಿತ್ತಾಳೆ ಡಬ್ಬಿ ಈಗ ನಮ್ಮಲ್ಲಿಲ್ಲ. ಉಮ್ ಖಾಲಿದ್ ಅವರ ಮಗ ಮ್ಯೂಸಿಯಮ್ಮಿನವರಿಗೆ ಮುಟ್ಟಿಸಿದ್ದಾರೆ. ಅಳಿಯ ನೆಮ್ಮದಿಯಾಗಿ ಉಣ್ಣುತ್ತಿದ್ದಾರೆ. ಅಲ್ಲಿನವರು ಎಷ್ಟು ಹಳೆಯದು ಎನ್ನುತ್ತಾರೋ, ಏನೆಂದು ಹೆಸರಿಡುತ್ತಾರೋ ಇನ್ನೂ ತಿಳಿದಿಲ್ಲ. ದಿಯಾ ಮಾತ್ರ ಕೊಡುವಾಗ ಆ ಮಗನಿಗೆ ಮೂರು ಸಲ ಹೇಳಿದಳು, ಒಳಗೆ ತೊಳೆಯಬೇಡಿ ಎಂದು. ಹೇಳುವಾಗ ಓರೆಗಣ್ಣಲ್ಲಿ ನನ್ನನ್ನು ನೋಡಿದಳು.

ಇವತ್ತು ಬೆಳಿಗ್ಗೆ ನಾವಿಬ್ಬರೂ ಕಡಲಿಗೆ ಹೋದೆವು, ಕೊನೆಯ ಸಲ. ಡಬ್ಬಿ ಸಿಕ್ಕಿದ ಜಾಗ ಅವಳಿಗೆ ಗುರುತಿತ್ತು. ಅಲ್ಲಿ ನಿಂತು ಕೈ ಚಾಚಿದಳು. "ಅಜ್ಜಿ, ನಿನ್ನ ಡಬ್ಬಿ."

ನನ್ನ ಕೋಲ್ಡ್ ಕ್ರೀಮಿನ ಡಬ್ಬಿ! ಅದನ್ನು ಇಲ್ಲಿ ಹೂಳಬೇಕಂತೆ. ಮುಂದೆ ಯಾರಿಗೋ ಸಿಗಬೇಕಂತೆ. ಅವರು ಒಳಗೆ ಇಣುಕಿ ಅಜ್ಜಿಯ ಬೆರಳು ನೋಡಬೇಕಂತೆ. "ಎರಡು ದಿನ ನಾನು ಎಲೆಗೆ ಎಂತ ಹಚ್ಚುದು ಮಾರಾಯ್ತಿ?" ಎಂದು ಗೊಣಗಿದೆ. ಗೊಣಗಿದ್ದು ಬಾಯಿ ಮಾತ್ರ. ಮುಚ್ಚಳ ತೆಗೆದು, ಕೊನೆಯ ಸಲ ತೋರುಬೆರಳು ಇಳಿಸಿ, ಚೆನ್ನಾಗಿ ಗುರುತು ಬೀಳುವ ಹಾಗೆ ಬಾಗಿಸಿ ಎಳೆದೆ. ಬೆರಳಲ್ಲಿ ಉಳಿದದ್ದನ್ನು ಒರೆಸಲು ಗೋಡೆ ಇರಲಿಲ್ಲ. ದಿಯಾ ತನ್ನ ಯಂತ್ರದ ಕೋಲು ಮುಂದೆ ಹಿಡಿದಳು. ಒರೆಸಿದೆ. ಬೆಳ್ಳಗೆ ಒಂದು ಗೆರೆ ಬಿತ್ತು.

ಮೊಣಕೈ ಆಳಕ್ಕೆ ಹೂತು ಮರಳು ತಟ್ಟಿದ ಮೇಲೆ ಅವಳಿಗೊಂದು ಅನುಮಾನ ಬಂತು. "ಅಜ್ಜಿ, ಇದು ಬ್ರಾಸ್ ಅಲ್ಲ, ತಗಡು. ಟೆನ್ ಇಯರ್ಸಲ್ಲಿ ರಸ್ಟ್ ಆಗ್ತದೆ."

"ಹಾಂಗಾರೆ ಒಂಬತ್ತನೇ ವರ್ಷ ನೀನೇ ಬಂದು ತೆಗಿ" ಎಂದೆ.

ಅವಳು ಬೆರಳು ಮಡಚಿ ತನ್ನ ವಯಸ್ಸು ಲೆಕ್ಕ ಹಾಕಿದಳು. ಸರಿಯಾಯಿತು ಎನ್ನುವ ಹಾಗೆ ತಲೆಯಾಡಿಸಿದಳು. ಆಮೇಲೆ ಯಂತ್ರ ಹಚ್ಚಿ ನಾವು ಮುಚ್ಚಿದ ಮರಳಿನ ಮೇಲೆ ಮೆಲ್ಲಗೆ ಆಡಿಸಿದಳು.

ಕುಂಯ್!

ನಾನು ಸೆರಗು ಸಿಕ್ಕಿಸಿ, ಸಟ್ಟುಗ ಹಿಡಿದು ಬಗ್ಗಿಯೇಬಿಟ್ಟಿದ್ದೆ. ದಿಯಾ ನಗುತ್ತ ನನ್ನ ಎರಡೂ ಭುಜ ಹಿಡಿದು ಎತ್ತಿದಳು. "ಈಗ ಅಲ್ಲ ಅಜ್ಜಿ," ಎಂದಳು, "ಈಗ ಅಲ್ಲ."